ಯಾರೂ ಕೂರದ ಕುರ್ಚಿ, ಸೋತವರ ದುಡ್ಡು

ನ್ಯಾಯವೆಂಬುದು ಲೋಕವನ್ನು ಹೊತ್ತು ನಿಂತಿರುವ ಕಂಬ. ನಮ್ಮ ಬಾಕ್ಸಿಂಗ್ ಶೆಡ್ಡಿನಲ್ಲಿ ಮಾತ್ರ ಕಂಬಕ್ಕೆ ಗೆದ್ದಲು ಹಿಡಿದಿತ್ತು. ಹಾಗಾಗಿ ಗುದ್ದುವ ಮೂಟೆಯನ್ನು ತೊಲೆಗೆ ನೇತುಹಾಕಿದ್ದೆವು.

ಶೆಡ್ಡು ಎಂದರೆ ಕುಂದಾಪುರದ ಹೊರಗೆ, ಹೊಳೆಬದಿಯಲ್ಲಿ, ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಹಿಂಭಾಗ. ಊರಿಗೆಲ್ಲ ಹಂಚು ಕೊಟ್ಟ ಆ ಕಟ್ಟಡದ ಮಾಡು ಮಾತ್ರ ಸೋರುತ್ತಿತ್ತು. ಬ್ರಹ್ಮಾವರದಲ್ಲಿ ಒಂದು ಸಹಕಾರಿ ಸಂಘದ ಕಾರ್ಯದರ್ಶಿಯಾಗಿ ನಿವೃತ್ತನಾಗಿದ್ದ ನನ್ನನ್ನು ಈ ಬಾಕ್ಸಿಂಗ್ ಸಂಘಕ್ಕೂ ಕಾರ್ಯದರ್ಶಿಯಾಗಿ ಮಾಡಿದರು. ಜೀವಮಾನದಲ್ಲಿ ನಾನು ಗುದ್ದಿದ್ದು ರಬ್ಬರ್ ಸ್ಟಾಂಪು ಮಾತ್ರ. ಅಷ್ಟು ಅರ್ಹತೆ ಧಾರಾಳವಾಯಿತು ಎಂದರು ಮಾಷ್ಟ್ರು.

ಮಾಷ್ಟ್ರು ಅಲ್ಲಿ ಬಾಕ್ಸಿಂಗ್ ಕಲಿಸುತ್ತಿದ್ದವರು. ಮರವಂತೆಯ ಮೀನುಗಾರರ ಮನೆಯವರು. ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಸಂಜೆ ಬಂದರಿನ ಬದಿಯ ಅಖಾಡದಲ್ಲಿ ಗುದ್ದಾಟ ಕಲಿತು, ನಡುವಯಸ್ಸಿನಲ್ಲಿ ಊರಿಗೆ ಮರಳಿದ್ದರು. ಎಡಗಿವಿ ಕೇಳುತ್ತಿರಲಿಲ್ಲ. ಸಂಘದ ಲೆಕ್ಕಪತ್ರವನ್ನು ನಾನು ಓದಿ ಹೇಳುವಾಗ ಆ ಕಿವಿಯನ್ನೇ ನನ್ನ ಕಡೆ ಕೊಡುತ್ತಿದ್ದರು.

ಅವರದು ಒಂದೇ ಕಾನೂನು. ಶೆಡ್ಡಿನವರು ಶೆಡ್ಡಿನವರೊಡನೆ ಆಡಿದಾಗ ಗೆದ್ದವರಿಗೆ ಕಪ್ಪು, ಸೋತವರಿಗೆ ದುಡ್ಡು. ಯಾಕೆಂದು ಕೇಳಿದರೆ, "ಪೆಟ್ಟ್ ತಿಂದವ್ರಿಗೆ ಖರ್ಚ್ ಜಾಸ್ತಿ ಅಲ್ದಾ ಮಾರಾಯ್ರೆ" ಎನ್ನುತ್ತಿದ್ದರು. ಮುಂಬಯಿಯಲ್ಲಿ ಇವರು ಎಲ್ಲೋ ಚೆನ್ನಾಗಿ ಸೋತು, ಬರಿಗೈಯಲ್ಲಿ ಬಸ್ಸು ಹತ್ತಿರಬೇಕೆಂದು ನಾವೆಲ್ಲ ತೀರ್ಮಾನಿಸಿಕೊಂಡಿದ್ದೆವು. ಕಿವಿಯೇ ಸಾಕ್ಷಿ.

ಇನ್ನೊಂದು ವಿಶೇಷ ಕುರ್ಚಿ. ಪ್ರತಿ ಪಂದ್ಯದಲ್ಲೂ ರಿಂಗಿನ ಒಂದು ಮೂಲೆಗೆ, ಕೆಳಗೆ, ಒಂದು ಮಡಚುವ ಕುರ್ಚಿ ಹಾಕಿ ಅದರ ಮೇಲೆ ಬೆವರು ಒರೆಸುವ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದರು. ಸೇರಿದ ಹೊಸತರಲ್ಲಿ ನಾನು ಕಾರ್ಯದರ್ಶಿಯ ಗಾಂಭೀರ್ಯದಿಂದ ಅದರ ಮೇಲೆ ಕೂರಲು ಹೋದೆ.

"ಹ್ವಾಯ್, ಅದ್ರಗೆ ಕೂಕಣ್ಬೇಡಿ."

"ಯಾರಿಗಿದು?"

"ಬಪ್ಪವ್ರಿಗೆ."

ಯಾರೂ ಬರಲಿಲ್ಲ. ಮಾಷ್ಟ್ರು ಪಂದ್ಯ ಮುಗಿಯುವವರೆಗೆ ಅದರ ಪಕ್ಕದಲ್ಲಿ ನಿಂತೇ ಇರುತ್ತಿದ್ದರು. ಮಂಡಿನೋವು ಬಂದ ಮೇಲೂ. ನಾನು ಲೆಕ್ಕಪತ್ರ ಓದಿ ಹೇಳುತ್ತಿದ್ದುದೂ ಅಲ್ಲಿಯೇ.

ಹೋದ ಮಳೆಗಾಲದಲ್ಲಿ ಮಾಷ್ಟ್ರು ತೀರಿಕೊಂಡರು. ಕುರ್ಚಿ ಹಾಕುವ ಪದ್ಧತಿ ಹಾಗೇ ಉಳಿಯಿತು. ಈಗ ಅದಕ್ಕೆ ಅರ್ಥವೂ ಬಂತು. ಮಾಷ್ಟ್ರ ಕುರ್ಚಿ ಎಂದು ಜನ ಅದಕ್ಕೆ ಕೈಮುಗಿಯತೊಡಗಿದರು. ಅವರು ಬದುಕಿದ್ದಾಗಲೂ ಅದು ಖಾಲಿಯೇ ಇತ್ತೆಂಬುದನ್ನು ನಾವೆಲ್ಲ ಬಹಳ ಅನುಕೂಲವಾಗಿ ಮರೆತೆವು.

ಮಳೆ ಬಿಟ್ಟ ಮೇಲೆ ಬೈಂದೂರು ಕಡೆಯ ಒಬ್ಬ ಹೋಟೆಲ್ ಧಣಿ ಮುಂಬಯಿಯಿಂದ ಬಂದಾಗ, ಮಾಷ್ಟ್ರ ನೆನಪಿಗೆ ಒಂದು ಪಂದ್ಯವಾಗಲಿ, ಒಂದು ಲಕ್ಷ ನನ್ನದು ಎಂದರು. ಆಡುವವರು ಯಾರೆಂಬ ಚರ್ಚೆಯೇ ಇರಲಿಲ್ಲ. ನಮ್ಮಲ್ಲಿ ರಾಜ್ಯಮಟ್ಟದ ಪದಕ ತಂದವರು ಇಬ್ಬರೇ, ಇಬ್ಬರೂ ಹೆಣ್ಣುಮಕ್ಕಳು. ಒಬ್ಬಳು ತ್ರಾಸಿಯವಳು, ಇನ್ನೊಬ್ಬಳು ಅವಳಿಗಿಂತ ಚಿಕ್ಕವಳು, ಶಿರೂರಿನವಳು. ಚಿಕ್ಕವಳಿಗೆ ಮೊದಲ ದಿನ ಕೈಗೆ ಪಟ್ಟಿ ಸುತ್ತಿದ್ದೇ ದೊಡ್ಡವಳು. ಜನ ಟಿಕೆಟ್ಟು ತೆಗೆದುಕೊಂಡು ನೋಡುವಂಥ ಜೋಡಿ.

ನಮ್ಮ ಕಾನೂನು ಕೇಳಿ ಧಣಿಯವರು ಚಾ ಕೆಳಗಿಟ್ಟರು.

"ಸೋತವ್ರಿಗೆ ದುಡ್ಡಾ? ನಾನ್ ಹೋಟ್ಲಂಗೂ ಹೀಂಗೇ ಮಾಡ್ಲಾ? ಉಂಡವ್ರಿಗೆ ನಾನೇ ದುಡ್ಡ್ ಕೊಡೂದಾ?"

"ನಿಮ್ಮ್ ಸಾಂಬಾರ್ ಉಂಡವ್ರಿಗೆ ಕೊಡ್ಕೇ ಆತ್ತ್" ಎಂದೆ.

ಅವರು ನಕ್ಕು ಒಪ್ಪಿದರು. ಹಾಸ್ಯದಿಂದ ಒಂದು ಲಕ್ಷ ಸಾಧಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆ ನಗುವಿನ ಹಿಂದೆ ಎಲ್ಲರಿಗೂ ಗೊತ್ತಿದ್ದ ಒಂದು ಲೆಕ್ಕವಿತ್ತು. ತ್ರಾಸಿಯವಳ ಎಡಭುಜ ಕೀಲಿನಿಂದ ಜಾರುತ್ತಿತ್ತು. ಕೊಡಪಾನ ಎತ್ತಿದರೂ ಜಾರುತ್ತಿತ್ತು. ಆಪರೇಷನ್ ಆಗಬೇಕು, ಸರ್ಕಾರದ ಕಾರ್ಡು ಅದಕ್ಕೆ ಹಿಡಿಯುವುದಿಲ್ಲ, ಎಲ್ಲ ಸೇರಿ ಒಂದು ಲಕ್ಷ ಬೇಕು ಎಂದಿದ್ದರು ಡಾಕ್ಟರು. ಆಪರೇಷನ್ ಆದರೆ ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ನಿಲ್ಲಬಹುದು. ಆಗದಿದ್ದರೆ ಈಗಿನ ಹಾಗೆ ಬಟ್ಟೆ ಅಂಗಡಿಯಲ್ಲಿ ಬಲಗೈಯಿಂದ ಸೀರೆ ಬಿಡಿಸುತ್ತಿರಬೇಕು. ಶಿರೂರಿನವಳು ಗೆದ್ದು ಕಪ್ಪು ಒಯ್ಯಲಿ, ತ್ರಾಸಿಯವಳು ಸೋತು ಭುಜ ಸರಿಮಾಡಿಸಿಕೊಳ್ಳಲಿ. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾನೂನು ಸತ್ತವರದು, ಅದರ ಉಪಕಾರ ಬದುಕಿದ್ದವರಿಗೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಾನು ಸಹಕಾರಿ ರಂಗದಲ್ಲೂ ಕಂಡಿರಲಿಲ್ಲ.

ಪಂದ್ಯ ಕುಂದಾಪುರದ ಒಂದು ಮೈದಾನದಲ್ಲಿ, ಸಂಜೆ. ಮೊದಲ ಸುತ್ತಿನಲ್ಲಿ ಎಲ್ಲವೂ ಲೆಕ್ಕದಂತೆ ನಡೆಯಿತು. ಶಿರೂರಿನವಳು ಎಡಭುಜದ ಹತ್ತಿರ ಕೈ ಹಾಕದೆ, ಬಲಪಕ್ಕೆಗೇ ಮೆಲ್ಲಗೆ ಗುದ್ದುತ್ತ ಅಂಕ ಕೂಡಿಸಿದಳು. ತ್ರಾಸಿಯವಳು ತಿಂದಳು. ಎರಡನೆಯ ಸುತ್ತಿನ ನಡುವೆ ಅವಳು ಹಗ್ಗಕ್ಕೆ ಒರಗಿದಾಗ ಎದುರಿಗೇ ಇದ್ದ ಕುರ್ಚಿ ಅವಳ ಕಣ್ಣಿಗೆ ಬಿತ್ತು. ಅವಳು ಅದನ್ನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅವಳು ಬೇರೆಯೇ ಆದಳು. ಮೂರನೆಯ ಸುತ್ತಿನಲ್ಲಿ ಭುಜ ಜಾರಿತು. ಎಡಗೈ ಒದ್ದೆ ಬಟ್ಟೆಯಂತೆ ಇಳಿಬಿದ್ದಿತು. ರೆಫರಿ ಅದನ್ನು ಗಮನಿಸುವಷ್ಟರಲ್ಲಿ ಅವಳ ಬಲಗೈ ಶಿರೂರಿನವಳ ಗದ್ದಕ್ಕೆ ಬಿದ್ದಾಗಿತ್ತು. ಚಿಕ್ಕವಳು ಕೂತಳು, ಎಣಿಕೆ ಮುಗಿಯುವವರೆಗೆ ಏಳಲಿಲ್ಲ.

ರೆಫರಿ ತ್ರಾಸಿಯವಳ ಬಲಗೈ ಎತ್ತಿದರು. ಎತ್ತಲು ಅದೊಂದೇ ಇತ್ತು. ಜನ ಕೂಗುತ್ತಿದ್ದರು. ನಾನು ಕುರ್ಚಿಯ ಕಡೆ ತಿರುಗಿದೆ. ನಾಲ್ಕು ಮಡಿಕೆ ಮಾಡಿಟ್ಟಿದ್ದ ಬೈರಾಸು ಬಿಚ್ಚಿಕೊಂಡು, ಕುರ್ಚಿಯ ಬೆನ್ನಿನ ಮೇಲಿಂದ ಇಳಿದು ನೇತಾಡುತ್ತಿತ್ತು, ಯಾರೋ ತಲೆಯ ಮೇಲಿಂದ ತೆಗೆದು ಹಾಕಿದ ಹಾಗೆ. ಕಡಲಬದಿಯ ಊರು, ಗಾಳಿ ಇದ್ದೇ ಇರುತ್ತದೆ. ಆವತ್ತೂ ಗಾಳಿ ಇತ್ತೆಂದೇ ನಾನು ನಂಬಿದ್ದೇನೆ. ರಿಂಗಿನ ಸುತ್ತ ಕಟ್ಟಿದ್ದ ಬಣ್ಣದ ಕಾಗದ ಅಲುಗಾಡುತ್ತಿತ್ತೇ ಎಂದು ನೆನಪಿಸಿಕೊಳ್ಳಲು ಮಾತ್ರ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಮರವಂತೆಯಲ್ಲಿ ಮಾಷ್ಟ್ರ ಮನೆಯ ಜಗಲಿಯಲ್ಲಿ ಸೇರಿದೆವು. ಮಾಷ್ಟ್ರ ಹೆಂಡತಿ ಚಾ ತಂದಿಟ್ಟರು. ನಾನು ಹಣದ ಲಕೋಟೆಯನ್ನು ಬೆಂಚಿನ ಮೇಲಿಟ್ಟೆ. ತ್ರಾಸಿಯವಳ ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು, ಶಿರೂರಿನವಳ ಗದ್ದ ಊದಿತ್ತು.

"ಸರ್, ಅದ್ ಅಕ್ಕಂಗೆ ಕೊಡಿ" ಎಂದಳು ಶಿರೂರಿನವಳು.

"ಎಂತಕೆ? ಸೋತದ್ದ್ ನಾನಾ?" ಎಂದಳು ತ್ರಾಸಿಯವಳು.

"ನಿನ್ನ್ ಸೋಲ್ಸುಕೆ ನಾನ್ ಎಷ್ಟ್ ಒದ್ದಾಡಿದೆ ಗೊತ್ತಿತ್ತಾ? ನೀ ಅಷ್ಟ್ ಚಂದ ಸೋಲ್ತಾ ಇದ್ದೆ. ಕಡೀಗೆ ಎಂತ ಆಯ್ತ್ ನಿಂಗೆ?"

ತ್ರಾಸಿಯವಳು ಚಾದ ಲೋಟ ನೋಡುತ್ತ ಹೇಳಿದಳು: "ಸೋಲುಕೇ ರಿಂಗ್ ಹತ್ತಿದ್ದೆ. ಆ ಕುರ್ಚಿ ಕಂಡೆ. ಅದ್ರ ಎದ್ರ್ ಸುಳ್ಳ್ ಸೋಲುಕೆ ಆಯ್ಲಿಲ್ಲ. ಮಾಷ್ಟ್ರ್ ಕೂಕಂಡಾಂಗೇ ಕಂಡ್ತ್."

"ಅವ್ರ್ ಯಾವತ್ತ್ ಅದ್ರಗೆ ಕೂಕಂಡಿರ್?" ಎಂದರು ಮಾಷ್ಟ್ರ ಹೆಂಡತಿ.

ಆಮೇಲೆ ಅವರು ಹೇಳಿದರು. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ನಿಲ್ಲಿಸಿ, ಸದ್ದು ಇಳಿದ ಮೇಲೆ ಮುಂದುವರಿಸಿ ಹೇಳಿದರು. ನಾವು ಊಹಿಸಿಕೊಂಡಿದ್ದ ಮುಂಬಯಿಯ ಆ ಪಂದ್ಯದಲ್ಲಿ ಮಾಷ್ಟ್ರು ಸೋತಿರಲಿಲ್ಲ. ಗೆದ್ದಿದ್ದರು. ಗೆದ್ದವನಿಗೆ ಪೂರಾ ಹಣ, ಸೋತವನಿಗೆ ಏನೂ ಇಲ್ಲ ಎಂಬುದು ಅಲ್ಲಿಯ ಕರಾರು. ಸೋತ ಹುಡುಗ ಮೂಲೆಯ ಕುರ್ಚಿಯಲ್ಲಿ, ತಲೆಯ ಮೇಲೆ ಬೈರಾಸು ಹಾಕಿಕೊಂಡು ಕೂತಿದ್ದ.

"ಇವ್ರ್ ದುಡ್ಡ್ ತಕಂಡ್ ಬಂದ್, ಬಾ ಮಾರಾಯ, ಚಾ ಕುಡಿವ ಅಂದ್ರಂಬ್ರ್. ಅವ ಏಳ್ಲಿಲ್ಲ. ಬೈರಾಸ್ ತೆಗ್ದ್ ಕಂಡ್ರೆ..." ಒಂದು ಲಾರಿ ಹೋಯಿತು. "ಅವ್ನ ತಾಯಿಗೆ ವರ್ಷ ವರ್ಷ ದುಡ್ಡ್ ಕಳ್ಸ್ತಿದ್ರ್. ಒಂದ್ ವರ್ಷ ಆ ತಾಯಿ ಇಲ್ಲ ಅಂದ್ಹೇಳಿ ದುಡ್ಡ್ ವಾಪಾಸ್ ಬಂತ್. ಆ ವರ್ಷ ಈ ಕಾನೂನ್ ಮಾಡದ್."

ಇಷ್ಟು ವರ್ಷ ಆ ಕುರ್ಚಿಯ ಪಕ್ಕ ನಿಂತು ನಾನು ಲೆಕ್ಕಪತ್ರ ಓದಿದ್ದೆ. ಕೇಳಿಸಿಕೊಂಡವರು ಯಾರೆಂದು ಈಗ ಯೋಚಿಸಬೇಕಾಯಿತು.

"ಅದ್ಕೇ ಹೇಳೂದ್ ಮಗಾ" ಎಂದು ಅವರು ತ್ರಾಸಿಯವಳ ಕಡೆಗೆ ಲಕೋಟೆ ಸರಿಸಿದರು. "ಅವ್ರ್ ಇದ್ದಿರೆ ಪೆಟ್ಟಾದವ್ಳಿಗೇ ಕೊಡ್ತಿದ್ರ್. ನೀ ತಕೊ."

ಅವರು ಇದನ್ನು ಹೇಳಿದ್ದು ಅವಳು ಹಣ ತೆಗೆದುಕೊಳ್ಳಲಿ ಎಂದು. ಆದದ್ದು ಬೇರೆ. ತ್ರಾಸಿಯವಳು ಬೆಂಚಿನಿಂದ ಹಿಂದೆ ಸರಿದು ಕೂತಳು.

"ಗೆದ್ದವ್ಳ್ ನಾನ್. ಗೆದ್ದ್ ಪೂರಾ ದುಡ್ಡ್ ತಕಂಡ್ರೆ ಎಂತ ಆತ್ತ್ ಅಂದ್ಹೇಳಿ ಈಗ ನೀವೇ ಹೇಳಿದ್ರಿ ಅಲ್ದಾ? ನಂಗೆ ಬ್ಯಾಡ."

"ಹಾಂಗಾರೆ ನೀ ತಕೊ" ಎಂದು ನಾನು ಶಿರೂರಿನವಳಿಗೆ ಹೇಳಿದೆ. "ಕಾನೂನಿನ ಪ್ರಕಾರ ನಿಂದೇ."

"ಗದ್ದ ಊದ್ದದ್ದಕ್ಕೆ ಒಂದ್ ಲಕ್ಷವಾ ಸರ್? ಇವ್ಳ ಕೈ ಹೀಂಗ್ ಇಪ್ಪಾಗ ನಾನ್ ತಕಂಡ್, ಆಮೇಲೆ ಶೆಡ್ಡಂಗೆ ಆ ಕುರ್ಚಿ ಬದಿ ಕಾಂಬುಕಾತ್ತಾ ನಂಗೆ?"

ನಾನು ಅರವತ್ತು-ನಲವತ್ತು ಎಂದೆ. ಅರವತ್ತು ಸಿಗುವವಳು ಒಪ್ಪಲಿಲ್ಲ. ತಿರುಗಿಸಿ ಹೇಳಿದೆ. ಈಗ ಇನ್ನೊಬ್ಬಳು ಒಪ್ಪಲಿಲ್ಲ. ಜಾಸ್ತಿ ಬೇಕೆಂದು ಜಗಳಾಡುವವರನ್ನು ಸಮಾಧಾನ ಮಾಡುವುದರಲ್ಲಿ ನನಗೆ ಒಂದು ಜೀವಮಾನದ ಅನುಭವವಿದೆ. ಜಾಸ್ತಿ ಬೇಡವೆಂದು ಹಟ ಹಿಡಿದವರನ್ನು ಕಂಡದ್ದು ಅದೇ ಮೊದಲು. ಭುಜದ ಮಾತೆತ್ತಿದೆ, ಪೊಲೀಸ್ ಕೆಲಸದ ಮಾತೆತ್ತಿದೆ. ತ್ರಾಸಿಯವಳು ನನ್ನನ್ನು ನೋಡಲೇ ಇಲ್ಲ. ನನ್ನ ಪಕ್ಕದಲ್ಲಿ ಯಾರೂ ಕೂತಿರದ ಜಾಗವನ್ನು ನೋಡುತ್ತಿದ್ದಳು.

"ಅರ್ಧ ಆರೆ ತಕಂತೆ" ಎಂದಳು ಕಡೆಗೆ. "ಅದ್ಕಿಂತ ಒಂದ್ ರೂಪಾಯಿ ಬ್ಯಾಡ."

"ನಂಗೂ ಅಷ್ಟೇ" ಎಂದಳು ಶಿರೂರಿನವಳು.

ಅರ್ಧ ಎನ್ನುವುದು ಎಲ್ಲರಿಗೂ ನ್ಯಾಯವಾಗಿ ಕಾಣುವ ಸಂಖ್ಯೆ. ನನಗೂ ಕಂಡಿತು. ಜಗಲಿಯಲ್ಲಿ ಎರಡು ಪಾಲು ಮಾಡಿ ಕೊಟ್ಟೆ. ಮಾಷ್ಟ್ರ ಹೆಂಡತಿ ಲೋಟಗಳನ್ನು ಒಳಗೆ ಒಯ್ದರು. ಒಂದು ಲೋಟ ಹೆಚ್ಚಿತ್ತು, ಅದರ ಚಾ ಹಾಗೇ ಇತ್ತು. ಲೆಕ್ಕ ತಪ್ಪಿ ತಂದದ್ದೋ, ಅವರ ಮನೆಯ ರೂಢಿಯೋ, ನಾನು ಕೇಳಲಿಲ್ಲ. ಕೇಳಿ ತಿಳಿದುಕೊಂಡದ್ದು ಆವತ್ತಿಗೆ ಸಾಕಾಗಿತ್ತು.

ಶೆಡ್ಡಿನಲ್ಲಿ ಈಗಲೂ ಕುರ್ಚಿ ಹಾಕುತ್ತೇವೆ. ಬೈರಾಸು ಗಾಳಿಗೆ ಹಾರದಂತೆ ನಾನೊಂದು ಹಂಚಿನ ಚೂರು ಇಟ್ಟಿದ್ದೆ. ತ್ರಾಸಿಯವಳು ಬಲಗೈಯಿಂದ ಅದನ್ನು ತೆಗೆದು ಬದಿಗಿಟ್ಟಳು. ಅವಳು ಈಗ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಕುರ್ಚಿಯ ಪಕ್ಕ ನಿಂತೇ ಕಲಿಸುತ್ತಾಳೆ. ಚಿಕ್ಕವಳು ತನ್ನ ಪಾಲನ್ನು ಸಾಲವಾಗಿಯಾದರೂ ತೆಗೆದುಕೋ ಎಂದು ಎರಡು ಬಾರಿ ಕೇಳಿದಳು, ಇವಳು ಎರಡು ಬಾರಿಯೂ ಬೇಡವೆಂದಳು.

ಎರಡು ಪಾಲೂ ಕುಂದಾಪುರದ ಒಂದೇ ಬ್ಯಾಂಕಿನಲ್ಲಿ, ಎರಡು ಖಾತೆಗಳಲ್ಲಿವೆ. ಆಪರೇಷನ್ ಆಗಿಲ್ಲ.