ಅರ್ಜಿಯಲ್ಲಿ ಮಾತಾಡಿದ ಹುಡುಗಿ

ಪಾತ್ರಗಳೇ ಕೈಹಿಡಿದು ಬರೆಸುತ್ತವೆ ಎನ್ನುವ ಲೇಖಕರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಬರೆಯಲಾಗದ ಸೋಮಾರಿಗಳ ಬೂಟಾಟಿಕೆ ಎಂದೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಆ ಮಧ್ಯಾಹ್ನವನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನೀವು ನಂಬಿದರೆ ನಂಬಿ.

ತಮಿಳು ಗಡಿಯೊಳಗಿನ ತಾಳವಾಡಿಯ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕಸುಬು. ಕಚೇರಿಗೆ ತಮಿಳಿನಲ್ಲಿ ಬೇಕು, ಬಂದವರು ಹೇಳುವುದು ಕನ್ನಡದಲ್ಲಿ. ಹಾಗಾಗಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಹೆಬ್ಬೆಟ್ಟು ಒತ್ತಿಸುತ್ತೇನೆ. ಬಿಡುವಿನಲ್ಲಿ ಯಾರಿಗೂ ಹೇಳದೆ ಒಂದು ಕಾದಂಬರಿ ಬರೆಯುತ್ತಿದ್ದೆ. ಅದರ ನಾಯಕಿ ಕೆಂಪಮ್ಮ ಒಬ್ಬಳೇ, ಆದರೆ ಅವಳೊಳಗೆ ಮೂವರು: ಕೂಲಿಗೆ ಹೋಗುವ ಸಂಕೋಚದ ಕೆಂಪಮ್ಮ, ತಮಿಳಿನಲ್ಲಿ ಜಗಳಕ್ಕೆ ನಿಲ್ಲುವ ಸೆಲ್ವಿ, ಒಂಬತ್ತು ವರ್ಷದ ಒಬ್ಬ ಹುಡುಗಿ. ಈ ಹುಡುಗಿ ಬಾಯಿಯೇ ಬಿಡುತ್ತಿರಲಿಲ್ಲ. ಏಕೆಂದು ನನಗೂ ತಿಳಿಯದೆ ಒಂದು ವರ್ಷದಿಂದ ಬರವಣಿಗೆ ಅಲ್ಲೇ ನಿಂತಿತ್ತು. ಇನ್ನು ಕೈಬಿಡುವುದೇ ಸರಿ ಎಂದು ಅಂದು ಬೆಳಿಗ್ಗೆ ತೀರ್ಮಾನಿಸಿದ್ದೆ.

ಮಧ್ಯಾಹ್ನ ಗೆಟ್ಟವಾಡಿಯಿಂದ ಒಬ್ಬ ಅಜ್ಜಿ ಬಂದರು. ರೇಷನ್ ಕಾರ್ಡಿನಲ್ಲಿ ಅವರ ಹೆಸರು ತಪ್ಪಾಗಿತ್ತು. ಇಂಥ ಅರ್ಜಿಯನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ. ಬರೆದೆ. ಓದಿ ಹೇಳಲು ಎತ್ತಿಕೊಂಡರೆ ಹಾಳೆಯಲ್ಲಿ ತಮಿಳೇ ಇಲ್ಲ! ನನ್ನದೇ ಅಕ್ಷರ, ಆದರೆ ಕನ್ನಡ. ಬಾಯಿ ಆಗಲೇ ಓದತೊಡಗಿತ್ತು: "ತಂಗಿ ಕೆರೆಗೆ ಜಾರಿದಾಗ ನಾನು ಏರಿಯ ಮೇಲಿದ್ದೆ. ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ನಾನು ಕೂಗಲಿಲ್ಲ."

ನನ್ನ ಹುಡುಗಿ ಮಾತಾಡಿದ್ದಳು! ನಿಜ ಹೇಳುತ್ತೇನೆ, ಭಯಕ್ಕಿಂತ ಮೊದಲು ನನಗಾದದ್ದು ಸಂತೋಷ, ಎದ್ದು ಕುಣಿಯುವಷ್ಟು ಸಂತೋಷ. ಅಜ್ಜಿಯ ಮುಖ ನೋಡಿದ್ದು ಆಮೇಲೆ.

"ಇದ ನಿಂಗ ಯಾರಪ್ಪ ಏಳುದ್ರು? ನಮ್ಮವ್ವುಂಗೂ ಏಳಿರ್ನಿಲ್ಲ ಕಣಪ್ಪ ನಾನು."

"ಯಾರೂ ಏಳ್ನಿಲ್ಲ ಕಣವ್ವ, ಕೈ ತಪ್ತು," ಎಂದು ತೊದಲುತ್ತಾ ಹಾಳೆಯನ್ನು ಹರಿಯಲು ಹೋದೆ. ಅವರು ನನ್ನ ಕೈ ಹಿಡಿದರು.

"ಅರೀಬ್ಯಾಡ. ಇನ್ನೊಂದ್ ಕಿತ ಓದು."

ಓದಿದೆ. ಅವರು ಅಳಲಿಲ್ಲ, ಒಂದೊಂದು ಮಾತಿಗೂ ಹೂಂಗುಟ್ಟಿದರು. ಆಮೇಲೆ ಹಾಳೆಯನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿಕೊಂಡರು. ಕಾರ್ಡಿನ ಅರ್ಜಿಯನ್ನು ಬೇರೆ ಬರೆದುಕೊಟ್ಟೆ.

ಎಲ್ಲೋ ಕೇಳಿ ಮರೆತಿರಬೇಕು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಹೆತ್ತ ತಾಯಿಗೂ ಹೇಳದ್ದನ್ನು ನಾನು ಎಲ್ಲಿಂದ ಕೇಳಲಿ? ಅದಾದರೂ ಇರಲಿ. ಹೊರಡುವಾಗ ಅವರು ಕೇಳಿದ್ದಕ್ಕೆ ನನ್ನಲ್ಲಿ ಇಂದಿಗೂ ವಿವರಣೆಯಿಲ್ಲ. ಕಾದಂಬರಿಯ ಬಗ್ಗೆ ನಾನು ಅವರ ಮುಂದೆ ತುಟಿಯೇ ಬಿಚ್ಚಿರಲಿಲ್ಲ.

"ನಿನ್ ಕತೇಲಾರೂ ಆ ಕೂಸು ಕೂಗ್ತುದಾ?"

"ಕೂಗ್ತುದ ಕಣವ್ವ," ಎಂದುಬಿಟ್ಟೆ. ಮೇಜು ಎತ್ತಿಟ್ಟು ಮನೆಗೆ ಓಡಿ, ಹಾಗೆಯೇ ಬರೆದೆ.