ಬೆಲ್ಲ ಸವರಿದ ಹೆದೆ

ಮಾವ ಬಿಲ್ಲಿನ ಹೆದೆ ಎಳೆದು ಬಿಟ್ಟರು. ಬಾಣ ಮಾತ್ರ ಹೋಗಲಿಲ್ಲ, ಹೆದೆಗೆ ಅಂಟಿಕೊಂಡು ತೂಗಾಡಿತು.

ತೊಂಬತ್ತರ ದಶಕ, ಪಾಂಡವಪುರದ ಬಳಿ ನಮ್ಮ ಆಲೆಮನೆಯ ಅಂಗಳ. ಬೇಲಿಯ ಮೇಲಿನ ತೆಂಗಿನಕಾಯಿಗೆ ಹೊಡೆಯಲಾಗದವನು ಮೀಸೆ ಬೋಳಿಸಬೇಕೆಂದು ಮಾವನಿಗೂ ಅವರ ಭಾವಮೈದ ನಿಂಗೇಗೌಡನಿಗೂ ಪಂದ್ಯ. ಮಾರನೆಯ ದಿನ ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆ ಬೇರೆ. ಮಾವ ಕತ್ತಾಳೆ ನಾರು ಹೊಸೆದು ಹೆದೆ ಮಾಡಿದ್ದರು. ಬಾಣ ಕೂರುವ ಕಡೆ ನಾರು ಸವೆಯದಿರಲೆಂದು ನೂಲು ಸುತ್ತಿ, ಮೇಣ ಸಿಗದೆ ಕೊಪ್ಪರಿಗೆಯ ಬೆಲ್ಲದ ಪಾಕ ಸವರಿದ್ದರು.

"ಏನ್ ಬಾವ, ನಿನ್ ಬಾಣಕ್ಕೆ ಮನೆ ಬುಟ್ಟೋಗಕ್ಕೆ ಇಷ್ಟ ಇಲ್ವಾ?" ಎಂದು ನಿಂಗೇಗೌಡ ನಕ್ಕ.

"ಕಿಸೀಬೇಡ ಕಣ್ಲಾ, ನಿಂದು ಬುಡು ನೋಡಾನ."

ನಿಂಗೇಗೌಡನ ಹೆದೆ ಎಮ್ಮೆ ಕಟ್ಟುವ ನೈಲಾನ್ ಹಗ್ಗದ್ದು. ಎಳೆದಷ್ಟೂ ಹಿಗ್ಗಿತು. ಬಾಣ ಅವನ ಕಾಲ ಬಳಿಯೇ ಬಿತ್ತು.

ಗೆದ್ದವನು ತಾನೇ ಎಂದು ಇಬ್ಬರೂ ಇಂದಿಗೂ ಹೇಳುತ್ತಾರೆ. ನನ್ನ ನೆನಪನ್ನೂ ನಂಬುವಂತಿಲ್ಲ, ಕಾಯಿ ಬಿದ್ದ ಸದ್ದು ಕೇಳಿದಂತೆಯೂ ಇದೆ. ಮದುವೆಮನೆಯಲ್ಲಿ ಮಾತ್ರ ಹಿರಿಯರೊಬ್ಬರು ಬೋಳು ಮುಖದ ಆ ಇಬ್ಬರನ್ನೂ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದ್ದರು: "ಯಾರ್ ಓಗ್ಬುಟ್ರಪ್ಪಾ?"