ಆಕರಪಟ್ಟಿಯಲ್ಲಿ ಇಲ್ಲದವರು

ಎಂ.ಎ. ಎರಡನೆಯ ವರ್ಷದ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಕನ್ನಡದ ಅದ್ಭುತ ಕಥೆಗಳು. ಮಾತಾಡುವ ಗಿಳಿ, ಕಲ್ಲಾಗುವ ರಾಜಕುಮಾರ, ಏಳು ಗುಡ್ಡದಾಚೆಯ ರಾಕ್ಷಸಿ ಇರುವಂಥವು. ವಿಭಾಗದಲ್ಲಿ ಅದಕ್ಕೆ ಫ್ಯಾಂಟಸಿ ಎನ್ನುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ವಾಡಿಯಲ್ಲಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ವಿಶ್ವವಿದ್ಯಾಲಯಕ್ಕೆ ದಿನಾಲು ರೈಲಿನಲ್ಲಿ ಹೋಗಿಬಂದು ಓದುತ್ತಿದ್ದೆ. ಕಥೆಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುವುದರಲ್ಲೇ ಅರ್ಧ ವರ್ಷ ಕಳೆಯಿತು. ಮೊದಲ ಅಧ್ಯಾಯ ಕೊಟ್ಟಾಗ ಮಾರ್ಗದರ್ಶಕರು ನೇರ ಕೊನೆಯ ಹಾಳೆ ತಿರುವಿದರು.

"ಕಥಿ ಓದೀರಿ, ಖರೆ. ಈ ಕಥಿಗಳ ಬಗ್ಗೆ ಬ್ಯಾರೆಯವರು ಏನು ಹೇಳ್ಯಾರ? ದ್ವಿತೀಯಕ ಆಕರ ಒಂದೂ ಇಲ್ಲಲ್ಲ. ಐದಾರರೆ ಬೇಕು. ಇಲ್ಲಂದ್ರ ನಾ ಸಹಿ ಹಾಕಂಗಿಲ್ಲ."

ವಿಭಾಗದ ಗ್ರಂಥಾಲಯದಲ್ಲಿ ಎರಡು ಸಿಕ್ಕವು. ಅವೂ ಜನಪದ ಸಾಹಿತ್ಯದ ಬಗ್ಗೆ ಬರೆದ ದಪ್ಪ ಪುಸ್ತಕಗಳು. ನನ್ನ ವಿಷಯಕ್ಕೆ ಬರುವುದು ನಾಲ್ಕಾರು ಪುಟ ಮಾತ್ರ. ಉಳಿದದ್ದಕ್ಕೆ ಊರೂರು ಅಲೆಯತೊಡಗಿದೆ. ಶಹಾಬಾದಿನ ಗ್ರಂಥಾಲಯದಲ್ಲಿ ಮಕ್ಕಳ ಕಥೆಪುಸ್ತಕಗಳು ಒಂದು ಕಪಾಟಿನ ತುಂಬ ಇದ್ದವು, ರಟ್ಟು ಕಿತ್ತು, ಮೂಲೆ ಮಡಚಿ. ಅಲ್ಲಿ ಕೂತಿದ್ದಾತ ನನ್ನ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡು ಹೇಳಿದ: "ಕಥಿ ಬುಕ್ಕು ಬೇಕಾದಷ್ಟು ಅವ ನೋಡ್ರಿ. ಕಥಿ ಮ್ಯಾಲಿನ ಬುಕ್ಕು ಅಂದ್ರ ಏನ್ರಿ ಅದು?" ಚಿತ್ತಾಪುರದಲ್ಲಿ ಬೇಕಾದ ಕಪಾಟು ಇತ್ತು, ಕೀಲಿಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಮತ್ತೊಂದು ವಾರ ಹೋದೆ. ಕಪಾಟು ತೆರೆದರು, ಒಳಗೆ ಹಳೆಯ ಗೈಡುಗಳು. ವಾಪಸು ಬರುವ ಪ್ಯಾಸೆಂಜರ್ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತೆ. ಕಣ್ಣಲ್ಲಿ ನೀರು ಬಂದರೆ ಗಣಿಗಳಿಂದ ಹಾರಿಬಂದ ಪರ್ಸಿ ಕಲ್ಲಿನ ಧೂಳು ಎನ್ನಬಹುದಿತ್ತು. ಪ್ರಬಂಧ ಸಲ್ಲಿಸಲು ಎರಡು ತಿಂಗಳು ಉಳಿದಿದ್ದವು.

ಸೇಡಂನಲ್ಲೂ ಪುಸ್ತಕವೇನೂ ಸಿಗಲಿಲ್ಲ. ಆದರೆ ಅಲ್ಲಿನ ಗ್ರಂಥಾಲಯದ ಸಹಾಯಕ ಕಿಟಕಿಯ ಕಡೆ ಕೈ ತೋರಿಸಿದ. "ಆ ಮಾಸ್ತರ್ರಿಗಿ ಕೇಳ್ರಿ. ರಿಟಾಯರ್ ಆಗ್ಯಾರ. ಇಂಥಾದ್ದು ಅವರಿಗೇ ಗೊತ್ತಿರ್ತದ."

ಬಿಳಿ ಧೋತರ, ಹಣೆಗೆ ಅಂಗಾರ-ಅಕ್ಷತೆ, ಮಡಚಿದ ಪತ್ರಿಕೆ. ನಾನು ವಿಷಯ ಹೇಳಿದೊಡನೆ ಆ ವೃದ್ಧರು ಪತ್ರಿಕೆ ಬದಿಗಿಟ್ಟು ನನ್ನನ್ನು ದಿಟ್ಟಿಸಿದರು.

"ಈ ಕಥಿಗಳ ಮ್ಯಾಲ ಎಂ.ಎ. ಮಾಡ್ತಾರೇನವಾ ಈಗ?"

"ಹೌದ್ರಿ."

"ಮನಿಗಿ ಬಾ."

ಮನೆಯಲ್ಲಿ ಸೊಸೆ ಚಹಾ ತಂದಿಟ್ಟರು. ಮಾಸ್ತರರು ಟ್ರಂಕಿನಿಂದ ಮೂರು ದಪ್ಪ ನೋಟ್‌ಬುಕ್ಕು ತೆಗೆದರು. ಚಿಂಚೋಳಿ ಕಡೆ ಅವರು ಬಹಳ ವರ್ಷ ಕನ್ನಡ ಕಲಿಸಿದ್ದರು. ಆಗ ಅಲ್ಲೇ ಚಂದಾಪುರದಲ್ಲಿ ಬಾಡಿಗೆ ಮನೆ. ಶಾಲೆಯ ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿಬಂದು ಹೇಳಿದ ಕಥೆಗಳನ್ನು ಮಾಸ್ತರರು ಬರೆದಿಟ್ಟುಕೊಂಡಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು. ಪ್ರತಿ ಕಥೆಯ ಕೆಳಗೆ ಅದರ ಬಗ್ಗೆ ತಮಗೆ ತೋಚಿದ್ದು ಬರೆದಿದ್ದರು. ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದ್ಭುತ ಲೋಕದ ಬಾಗಿಲು ರಾಜನಿಗೂ ಮಂತ್ರಿಗೂ ಎಂದೂ ಕಾಣುವುದಿಲ್ಲ; ಮಲಮಗಳು, ಕುಂಟ, ಬೇಡವಾದ ಕಿರಿಯ ರಾಣಿಯ ಮಗ, ಊರು ಯಾರನ್ನು ಹೊರಗೆ ಹಾಕಿತೋ ಅವರಿಗೇ ಅದು ಕಾಣುತ್ತದೆ. ಅರ್ಧ ವರ್ಷ ಓದಿಯೂ ನನಗೆ ಹೊಳೆಯದಿದ್ದ ಮಾತು.

"ಇದು ಎಲ್ಲ್ಯಾದರೂ ಅಚ್ಚಾಗ್ಯಾದೇನ್ರಿ ಸರ್?"

"ಇಲ್ಲವಾ. ಯಾರು ಹಾಕ್ತಾರ? ಓದಿದಾಕಿನೂ ನೀನೇ ಮೊದಲು. ತಗೊಂಡು ಹೋಗು. ನಿನ್ನ ಪುಸ್ತಕದಾಗ ಒಂದು ಕಡೆ ನನ್ನ ಹೆಸರು ಬಂದ್ರ ಸಾಕು."

ಹದಿನೈದು ದಿನ ಕೂತು ಬರೆದೆ. ಅವರ ಮಾತಿನ ಮೇಲೆ ನನ್ನ ಎರಡನೆಯ, ಮೂರನೆಯ ಅಧ್ಯಾಯಗಳು ನಿಂತವು. ಎಲ್ಲೆಲ್ಲಿ ಅವರ ಮಾತು ಬಂದಿತ್ತೋ ಅಲ್ಲಲ್ಲಿ ಅಡಿಟಿಪ್ಪಣಿ ಹಾಕಿ ಹೆಸರು ಬರೆದೆ. ನೋಟ್‌ಬುಕ್ಕುಗಳನ್ನು ವಾಪಸು ಕೊಟ್ಟುಬಂದೆ. ಆದರೆ ಮಾರ್ಗದರ್ಶಕರು ಆಕರಪಟ್ಟಿ ನೋಡಿ ಪೆನ್ಸಿಲ್ಲಿನಿಂದ ಗೆರೆ ಎಳೆದರು.

"ಕೈಬರಹದ ನೋಟ್‌ಬುಕ್ಕು ಆಕರ ಆಗಂಗಿಲ್ಲ. ಪರೀಕ್ಷಕರು ಬಂದು ತೋರಿಸ್ರಿ ಅಂದ್ರ ಏನು ತೋರಿಸ್ತೀರಿ? ಅಚ್ಚಾದದ್ದು ಹಾಕ್ರಿ. ಇಲ್ಲಾ ಆ ಭಾಗ ತೆಗೀರಿ."

ಆ ಭಾಗ ತೆಗೆದರೆ ಪ್ರಬಂಧದಲ್ಲಿ ಏನೂ ಉಳಿಯುತ್ತಿರಲಿಲ್ಲ. ಟೈಪಿಂಗಿನ ಅಂಗಡಿಯಲ್ಲಿ ಎರಡು ದಿನ ಮಾತ್ರ ಸಿಕ್ಕಿತ್ತು. ನಾನು ಮಾಡಿದ್ದಿಷ್ಟು: ಅವರ ಮಾತನ್ನು ಉಳಿಸಿಕೊಂಡು ಹೆಸರನ್ನು ಅಡಿಟಿಪ್ಪಣಿಯಿಂದಲೂ ಕೃತಜ್ಞತೆಯ ಪುಟದಿಂದಲೂ ತೆಗೆದೆ. "ಎನ್ನುತ್ತಾರೆ" ಇದ್ದಲ್ಲಿ "ಎನಿಸುತ್ತದೆ" ಎಂದು ಬರೆದೆ. ಆ ಕ್ರಿಯಾಪದ ಬದಲಿಸುವಾಗ ತಪ್ಪೆನಿಸಿತೆಂದು ಹೇಳಿದರೆ ಸುಳ್ಳಾದೀತು. ಅವತ್ತು ನನಗೆ ಬರೀ ಅವಸರವಿತ್ತು. ಆ ಎರಡು ದಪ್ಪ ಪುಸ್ತಕಗಳಲ್ಲಿನ ಲೇಖನಗಳನ್ನು ಒಂದೊಂದಾಗಿ ಹಾಕಿ ಪಟ್ಟಿ ತುಂಬಿಸಿದೆ, ಮಾರ್ಗದರ್ಶಕರ ಸಹಿ ಸಿಕ್ಕಿತು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಬಾಗಿಲಿನ ಮಾತನ್ನೇ ಎತ್ತಿಕೊಂಡು, "ಇದು ಸ್ವಂತ ವಿಚಾರ, ಭಾಳ ಛಲೋ ಅದ" ಎಂದರು. ಥ್ಯಾಂಕ್ಸ್ ಸರ್ ಅಂದೆ.

ಮಾಸ್ತರರಿಂದ ಕಾರ್ಡು ಬಂತು: ಪ್ರಬಂಧ ಮುಗಿಯಿತೇ, ಒಮ್ಮೆ ನೋಡಬಹುದೇ. ಉತ್ತರ ಬರೆಯಲಿಲ್ಲ. ಎರಡನೆಯ ಕಾರ್ಡು ಅಪ್ಪನ ಕೈಗೆ ಸಿಕ್ಕಿತು. "ಹಿರೇರು ಎರಡು ಸಲ ಬರದಾರ. ಹೋಗಿ ತೋರಿಸಿ ಬಾ" ಅಂದ ಅಪ್ಪ. ಕಾರಣ ಹೇಳಲಾಗದೆ ಹೋದೆ.

ಅವರು ಪ್ರಬಂಧವನ್ನು ಮಡಿಲಲ್ಲಿಟ್ಟುಕೊಂಡು ಮೊದಲು ಕೃತಜ್ಞತೆಯ ಪುಟ ಓದಿದರು. ಆಮೇಲೆ ಕೊನೆಯ ಪಟ್ಟಿ. ಬೆರಳನ್ನು ಮೇಲಿನಿಂದ ಕೆಳಗೆ ಒಂದೊಂದೇ ಹೆಸರಿನ ಮೇಲೆ ಸರಿಸಿದರು. ಮತ್ತೆ ಮೇಲಿನಿಂದ ಶುರು ಮಾಡಿದರು. ನಾನು "ಸರ್, ಅವರು ಕೈಬರಹ ನಡೆಯಂಗಿಲ್ಲ ಅಂದ್ರು" ಎಂದೆ. ಅವರು ಮೂರನೆಯ ಅಧ್ಯಾಯ ತೆರೆದು ಓದತೊಡಗಿದರು. ತುಸು ಹೊತ್ತಾದ ಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲೊಂದು ತಪ್ಪದ ನೋಡವಾ. ಈ ಕಥ್ಯಾಗ ಹುಡುಗಿ ಕುಂಬಾರನ ಮಗಳು. ನಾ ಮರತು ಬಡಿಗ್ಯಾನ ಮಗಳು ಅಂತ ಬರದಿದ್ದೆ. ನೀ ಅದನ್ನೂ ಹಂಗೇ ಇಳಿಸಿದಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಿದ್ಯಾರ್ಥಿಯ ಕಾಪಿ ತಿದ್ದುವ ದನಿ. ಬೈದಿದ್ದರೆ ಕಾಲಿಗೆ ಬಿದ್ದು ಹಗುರಾಗುತ್ತಿದ್ದೆನೇನೋ.

"ನಿಮ್ಮ ನೋಟ್‌ಬುಕ್ಕು ನಾನೇ ಅಚ್ಚು ಮಾಡಸ್ತೀನ್ರಿ ಸರ್," ಅಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬ್ಯಾಡ. ಈಗ ಅಚ್ಚಾದ್ರ ನಾ ನಿನ್ನ ನೋಡಿ ಬರದೀನಿ ಅಂತಾರ. ನಿಂದು ಮೊದಲ ಬಂದದಲ್ಲ."

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಹೆಸರೊಂದನ್ನು ಬಿಟ್ಟೆ ಎಂದುಕೊಂಡಿದ್ದೆ. ಅವರ ಬದುಕಿನ ಕೆಲಸಕ್ಕೆ ಅವರನ್ನೇ ಕಳ್ಳನನ್ನಾಗಿ ಮಾಡಿಟ್ಟಿದ್ದೆ.

ಮಾರ್ಗದರ್ಶಕರನ್ನು ಹೋಗಿ ಕಂಡೆ. ತಿದ್ದುಪಡಿಯ ಹಾಳೆ ಸೇರಿಸಬಹುದೇ ಎಂದು ಕೇಳಿದೆ. "ರಟ್ಟು ಹಾಕಿ ಲೈಬ್ರರಿ ಒಳಗ ಹೋಗ್ಯಾದ. ಆದದ್ದು ಆತು. ಈಗ ಯಾಕ ಕೆದಕ್ತೀರಿ?" ಎಂದರು. ಆ ಮಾತಿಗೆ ನಾನು ಒಳಗೊಳಗೇ ಸಮಾಧಾನಪಟ್ಟೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಚಿತ್ತಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಎರಡು ಮೂರು ವರ್ಷ ಹಾಗೇ ಹೋದವು. ಆಕರಪಟ್ಟಿ ಹೇಗೆ ಬರೆಯಬೇಕೆಂದು ಮಕ್ಕಳಿಗೆ ಕಲಿಸುವ ಪಾಠ ಬಂದಾಗ ಮಾತ್ರ ಬೇಗ ಬೇಗ ಮುಗಿಸಿ ಮುಂದಿನದಕ್ಕೆ ಹೋಗುತ್ತಿದ್ದೆ. ಒಮ್ಮೆ ಗುಂಡಗುರ್ತಿಯ ವಿದ್ಯಾರ್ಥಿನಿಯೊಬ್ಬಳು ಪಾಠವಾದ ಮೇಲೆ ಬಂದು ತನ್ನ ಅಜ್ಜಿಯ ಕಥೆಯ ಬಗ್ಗೆ ಕೇಳಿದಳು: "ಮೇಡಂ, ನಮ್ಮ ಆಯಿ ಹೇಳಿದ ಕಥಿ ಬರದ್ರ ಆಯಿ ಹೆಸರು ಎಲ್ಲಿ ಹಾಕಬೇಕ್ರಿ?" ನಾಳೆ ಹೇಳುತ್ತೇನೆ ಎಂದೆ.

ಆ ವರ್ಷ ಒಂದು ಸಣ್ಣ ಸಾಹಿತ್ಯ ಪತ್ರಿಕೆಗೆ ಲೇಖನ ಬರೆದೆ. ಯಾವ ವಿಚಾರ ಮಾಸ್ತರರದು, ಯಾವುದು ನನ್ನದು, ಅವರ ಹೆಸರನ್ನು ನಾನು ಯಾವಾಗ ಹೇಗೆ ತೆಗೆದೆ ಎಂಬುದೆಲ್ಲ ಅದರಲ್ಲಿತ್ತು. ನನ್ನದು ಅಂತ ಹೇಳುವಂಥದ್ದು ಒಂದೂವರೆ ಪುಟವೂ ಆಗಲಿಲ್ಲ. ಅಚ್ಚಾದ ಪ್ರತಿ ಹಿಡಿದು ಸೇಡಂಗೆ ಹೋದೆ. ಮಾಸ್ತರರ ಕಣ್ಣು ಮಂಜಾಗಿತ್ತು. ಸೊಸೆ ಗಟ್ಟಿಯಾಗಿ ಓದಿ ಹೇಳಿದರು. ತಮ್ಮ ಹೆಸರು ಬಂದಲ್ಲಿ ಅವರು ಕೈಯೆತ್ತಿ ಆ ಸಾಲನ್ನು ಇನ್ನೊಮ್ಮೆ ಓದಿಸಿದರು.

"ಛಲೋ ಮಾಡಿದಿ," ಅಂದರು. ಪತ್ರಿಕೆಯ ಪ್ರತಿಯನ್ನು ಮಡಿಲಿಗೆ ತೆಗೆದುಕೊಂಡು, "ಇನ್ನೊಂದು ನೋಟ್‌ಬುಕ್ಕು ಅದ. ಅವತ್ತು ನಿನಗ ಕೊಟ್ಟಿರಲಿಲ್ಲ. ಅದರಾಗ ಹೆಣ್ಣುಮಕ್ಕಳು ತಮ್ಮ ತಮ್ಮೊಳಗ ಹೇಳಿಕೊಳ್ಳೋ ಕಥಿ ಅವ," ಎಂದರು.

ಟ್ರಂಕು ಅಲ್ಲೇ ಗೋಡೆಗೆ ಒತ್ತಿ ಇತ್ತು. ಅವರು ಏಳಲಿಲ್ಲ, ಸೊಸೆಗೂ ಹೇಳಲಿಲ್ಲ. ಕೊಡ್ರಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಚಹಾ ಕುಡಿದು, ಅವರ ಕಾಲು ಮುಟ್ಟಿ, ಸ್ಟೇಷನ್ನಿನ ಕಡೆ ನಡೆದೆ.